ಸಾಲಾಗಿ ನಿಂತ ಮರಿಗಳು

ಒಂದು ಕಾಡಿನಲ್ಲಿ ಆ ಬೇಸಿಗೆ ಹಳ್ಳ ಬೇಗನೆ ಬತ್ತಿತು. ಮೇವು, ನೀರು ಎರಡೂ ಗುಡ್ಡದ ಆಚೆಗೆ ಸರಿದವು. ತಾಯಂದಿರು ಬೆಳಗ್ಗೆ ಹೊರಟರೆ ಮರಳುವಾಗ ಹೊತ್ತು ಇಳಿದಿರುತ್ತಿತ್ತು. ಎಳೆಗಾಲಿನ ಮರಿಗಳು ಅಷ್ಟು ದೂರ ನಡೆಯಲಾರವು. ಬಿಟ್ಟು ಹೋದರೆ ಕಾಯುವವರು ಯಾರು? ಕಾಯುತ್ತಾ ಕೂತರೆ ಮೊಲೆಯಲ್ಲಿ ಹಾಲು ಎಲ್ಲಿಂದ ಬರಬೇಕು?

ಕಾಡಿನ ಸಭೆ ಸೇರಿತು. ದೊಡ್ಡ ಗೋಣಿಮರದ ಕೆಳಗೆ ಒಂದು ಮರಿಮನೆ ಮಾಡುವುದೆಂದು ತೀರ್ಮಾನವಾಯಿತು. ಪ್ರತಿಯೊಬ್ಬರೂ ತಮಗೆ ಸಿಕ್ಕ ಹಣ್ಣು, ಗೆಡ್ಡೆ, ಜೇನಿನಲ್ಲಿ ಒಂದು ಪಾಲನ್ನು ಅಲ್ಲಿಗೆ ತಂದು ಹಾಕಬೇಕು. ಅದರಲ್ಲಿ ಅರ್ಧ ಮರಿಗಳ ಹೊಟ್ಟೆಗೆ, ಅರ್ಧ ಮರಿಗಳ ವಿದ್ಯೆಗೆ. ಹಾವಿನ ವಿಷಯ ಕಲಿಸಲು ಮುಂಗುಸಿ ಬರಬೇಕು. ನೆಲ ಕೆದಕಿ ತಿನ್ನುವುದನ್ನು ಕಲಿಸಲು ಕಾಡುಕೋಳಿ ಬರಬೇಕು. ಅವರ ಊಟವೂ ಅದೇ ಪಾಲಿನಲ್ಲಿ.

ಮರಿಮನೆಗೆ ಮೇಷ್ಟ್ರು ಯಾರೆಂದು ಹೆಚ್ಚು ಚರ್ಚೆ ಆಗಲಿಲ್ಲ. ಎಲ್ಲರೂ ಮುಸುವನ ಕಡೆ ನೋಡಿದರು. ಕಪ್ಪು ಮುಖದ, ಉದ್ದ ಬಾಲದ ಆ ಮುಸುವ ಮರದ ತುದಿಯಲ್ಲಿ ಕೂತು ಹುಲಿ ಚಿರತೆಗಳನ್ನು ಎಲ್ಲರಿಗಿಂತ ಮೊದಲು ಕಾಣುತ್ತಿದ್ದ. ಅವನು "ಖಕ್! ಖಕ್!" ಎಂದನೆಂದರೆ ಇಡೀ ಕಾಡು ಕಾಲಿಗೆ ಬುದ್ಧಿ ಹೇಳುತ್ತಿತ್ತು. ಆ ಕೂಗಿನಿಂದ ಜೀವ ಉಳಿಸಿಕೊಂಡವರು ಸಭೆಯ ತುಂಬಾ ಇದ್ದರು. ಅವನ ಪುಟ್ಟ ಮಗನೂ ಮರಿಮನೆಯಲ್ಲೇ ಇರುತ್ತಿದ್ದ. ಇನ್ನೇನು ಬೇಕು?

ಮರಿಮನೆ ಹೇಗೆ ನಡೆಯುತ್ತಿದೆ ಎಂದು ಆಗಾಗ ನೋಡಿ ಸಭೆಗೆ ತಿಳಿಸಲು ಒಂದು ಸಮಿತಿಯೂ ಆಯಿತು. ಆನೆಯಜ್ಜಿ ಅದರ ಅಧ್ಯಕ್ಷೆ. ಕರಡಿಯಣ್ಣ ಸದಸ್ಯ. ಮರಿಯಿರುವ ತಾಯಿಯೊಬ್ಬಳು ಇರಲಿ ಎಂದು ತುಂಬೆ ಎಂಬ ಜಿಂಕೆಯನ್ನೂ ಸೇರಿಸಿಕೊಂಡರು.

ತುಂಬೆ ಬಲು ಸಂಕೋಚದವಳು. ಅವಳ ಮಾತು ಗಂಟಲಿನಿಂದ ನಾಲಿಗೆಗೆ ಬರುವಷ್ಟರಲ್ಲಿ ಬೇರೆಯವರು ಮಾತು ಮುಗಿಸಿ ಎದ್ದಿರುತ್ತಿದ್ದರು. ಕಣ್ಣು, ಕಿವಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅವಳಿಗಿದ್ದದ್ದು ಬಿಕ್ಕೆ ಎಂಬ ಒಂದೇ ಮರಿ. ಅದರ ಮೈಮೇಲಿನ ಚುಕ್ಕಿಗಳು ಇನ್ನೂ ಹಾಲಿನ ಹನಿಗಳ ಹಾಗಿದ್ದವು.

ಸಮಿತಿ ಮೊದಲ ಬಾರಿ ಮರಿಮನೆಯ ಕಡೆ ಹೊರಟಿತು. ಗೋಣಿಮರ ಇನ್ನೂ ದೂರವಿದ್ದಾಗಲೇ ಮೇಲಿನಿಂದ ಕೂಗು ಕೇಳಿಸಿತು. "ಖಕ್! ಖಕ್!"

ತುಂಬೆ ಒಂದೇ ನೆಗೆತಕ್ಕೆ ಪೊದೆಯೊಳಗೆ ಹಾರಿದಳು.

ಕರಡಿಯಣ್ಣ ಹೊಟ್ಟೆ ಹಿಡಿದು ನಕ್ಕ. "ಏನಮ್ಮಾ ತುಂಬೆ, ಎಲ್ಲಿದೆ ಹುಲಿ? ಮೇಷ್ಟ್ರು ನಮ್ಮನ್ನು ನೋಡಿ ಸ್ವಾಗತ ಹೇಳ್ತಿದ್ದಾರೆ!"

ಸುತ್ತ ಹುಲಿಯೂ ಇರಲಿಲ್ಲ, ಚಿರತೆಯೂ ಇರಲಿಲ್ಲ. ತುಂಬೆ ನಾಚಿಕೊಂಡು ಹೊರಗೆ ಬಂದಳು. ಹುಲಿ ಇಲ್ಲದಿದ್ದರೆ ಈ ಕೂಗು ಯಾಕೆ ಎಂದು ಕೇಳಬೇಕು ಅನಿಸಿತು. ಕೇಳಲಿಲ್ಲ.

ಮರಿಮನೆಯಲ್ಲಿ ಮರಿಗಳೆಲ್ಲ ಸಾಲಾಗಿ, ಕಾಲು ಜೋಡಿಸಿ, ತಲೆ ತಗ್ಗಿಸಿ ನಿಂತಿದ್ದವು. ಸಾಲಿನ ಮೊದಲಿಗೆ ಮುಸುವನ ಮಗ. ಅವನ ಪಕ್ಕದಲ್ಲಿ ಬಿಕ್ಕೆ.

"ಮಕ್ಕಳೇ, ಹೊಟ್ಟೆಗೆ ಸಿಗುತ್ತದೆಯೇ?" ಎಂದು ಆನೆಯಜ್ಜಿ ಕೇಳಿದಳು.

"ಹೊಟ್ಟೆ ತುಂಬಾ ಸಿಗುತ್ತದೆ, ಅಜ್ಜೀ!" ಎಲ್ಲ ಮರಿಗಳೂ ಒಂದೇ ದನಿಯಲ್ಲಿ ಹೇಳಿದವು.

"ಏನು ಕಲಿತಿರಿ?"

"ಹುಲಿ ಬಂದರೆ ಓಡುತ್ತೇವೆ! ಹಾವು ಬಂದರೆ ಸರಿಯುತ್ತೇವೆ! ಮೇಷ್ಟ್ರ ಮಾತು ಕೇಳುತ್ತೇವೆ!"

ಕರಡಿಯಣ್ಣನ ಕಣ್ಣಲ್ಲಿ ನೀರೇ ಬಂತು. "ನಮ್ಮ ಕಾಲದಲ್ಲಿ ಇಂಥದ್ದು ಇದ್ದಿದ್ದರೆ ನಾನೂ ಬುದ್ಧಿವಂತ ಆಗ್ತಿದ್ದೆ" ಎಂದ.

"ಈಗೇನು ಕಡಿಮೆಯೇ ಅಣ್ಣಾ?" ಎಂದು ಮುಸುವ ಕೈಮುಗಿದ.

"ಮುಂಗುಸಿ ಕಾಣಿಸುತ್ತಿಲ್ಲವಲ್ಲ?" ಎಂದಳು ಆನೆಯಜ್ಜಿ.

"ಈಗಷ್ಟೇ ಪಾಠ ಮುಗಿಸಿ ಹೋದ ಅಜ್ಜೀ. ಕೋಳಿಯೂ ಜೊತೆಗೇ ಹೋಯಿತು. ಬಾಯಾರಿಕೆಯಂತೆ."

ತುಂಬೆ ನೆಲ ನೋಡಿದಳು. ಮರದ ಕೆಳಗಿನ ಧೂಳಿನಲ್ಲಿ ಮುಂಗುಸಿಯ ಹೆಜ್ಜೆ ಒಂದೂ ಇರಲಿಲ್ಲ. ಕೋಳಿ ಕೆದಕಿದ ಗುರುತೂ ಇರಲಿಲ್ಲ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಆನೆಯಜ್ಜಿ "ಸಂತೋಷ, ಬಹಳ ಸಂತೋಷ" ಎನ್ನುತ್ತಾ ಹೊರಟಾಗಿತ್ತು.

ಆ ಸಂಜೆ ತುಂಬೆ ಬಿಕ್ಕೆಯ ಮೈ ನೆಕ್ಕುತ್ತಿದ್ದಳು. ನಾಲಿಗೆಗೆ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು.

"ಬಿಕ್ಕೇ, ಹಗಲು ಹೊಟ್ಟೆಗೆ ಏನಾದರೂ ಕೊಟ್ಟರೇನೋ ಮರಿ?"

ಬಿಕ್ಕೆ ತಟ್ಟನೆ ಕಾಲು ಜೋಡಿಸಿ ನಿಂತಿತು. ತಲೆ ತಗ್ಗಿಸಿತು. "ಹೊಟ್ಟೆ ತುಂಬಾ ಸಿಗುತ್ತದೆ, ಅಜ್ಜೀ!" ಎಂದಿತು.

ತುಂಬೆಯ ನಾಲಿಗೆ ಅಲ್ಲೇ ನಿಂತಿತು. "ನಾನು ಅಜ್ಜಿ ಅಲ್ಲ ಕಣೋ. ನಿನ್ನ ಅಮ್ಮ."

ಆಗ ದೂರದ ಮತ್ತಿಮರದಿಂದ ಇನ್ಯಾವುದೋ ಮುಸುವದ ಕೂಗು ಕೇಳಿಸಿತು. "ಖಕ್! ಖಕ್!" ತುಂಬೆಯ ಬಾಲ ನಿಮಿರಿತು, ಕಾಲು ಓಟಕ್ಕೆ ಸಿದ್ಧವಾಯಿತು. ಬಿಕ್ಕೆ ಮಾತ್ರ ಅಲುಗಲಿಲ್ಲ. ಹೊಗಳಿಕೆಗೆ ಕಾಯುವವರ ಹಾಗೆ ತಲೆ ತಗ್ಗಿಸಿ ನಿಂತೇ ಇತ್ತು. ತುಂಬೆ ಅದನ್ನು ಕುತ್ತಿಗೆಯಿಂದ ನೂಕುತ್ತಾ ಪೊದೆಗೆ ಸೇರಿಸಿದಳು.

ಮರುದಿನ ಬಂಡೆಯ ಮೇಲೆ ಸಮಿತಿ ಕೂತಿತು. ಮುಸುವ ಬಂದು ಕೈಮುಗಿದ.

"ಅಜ್ಜೀ, ಮರಿಗಳು ಬೆಳೆಯುತ್ತಿವೆ. ಪಾಲು ಸಾಲದು. ಇನ್ನಷ್ಟು ಹೆಚ್ಚಿಸಬೇಕು. ಮೇಲಾಗಿ ಆಚೆ ಕಾಡಿನ ಚಿರತೆಯೂ ನೀರು ಹುಡುಕುತ್ತಾ ಈಚೆ ಬಂದಿದೆಯಂತೆ. ಮರಿಗಳಿಗೆ ಇನ್ನೂ ಜೋರಾಗಿ ವಿದ್ಯೆ ಕಲಿಸಬೇಕಲ್ಲ?"

"ಕೊಡೋಣ, ಕೊಡೋಣ" ಎಂದ ಕರಡಿಯಣ್ಣ.

"ಅಜ್ಜೀ... ಒಂದು ಮಾತು" ಎಂದಳು ತುಂಬೆ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಮರಿಗಳು ಕಲಿತದ್ದನ್ನು ಬಾಯಲ್ಲಿ ಹೇಳುವುದು ಬೇಡ. ಒಮ್ಮೆ ಮಾಡಿ ತೋರಿಸಲಿ."

ಮುಸುವ ಅವಳ ಕಡೆ ತಿರುಗಿ ಬಹಳ ಪ್ರೀತಿಯಿಂದ ನಕ್ಕ. "ಧಾರಾಳವಾಗಿ, ತಂಗೀ. ಹುಲಿ ಬಂದರೆ ಓಡುವುದನ್ನು ತೋರಿಸಬೇಕಾದರೆ ಹುಲಿ ಬೇಕಲ್ಲ? ನೀವೇ ಹೋಗಿ ಕರೆದುಕೊಂಡು ಬರ್ತೀರೋ, ನಾನು ಹೇಳಿ ಕಳಿಸಲೋ?"

ಕರಡಿಯಣ್ಣ ಬಂಡೆ ಬಡಿದು ನಕ್ಕ. ಆನೆಯಜ್ಜಿಗೂ ನಗು ಬಂತು. ತುಂಬೆ ತಲೆ ತಗ್ಗಿಸಿದಳು. ತಾನೂ ಬಿಕ್ಕೆಯ ಹಾಗೆಯೇ ನಿಂತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು. ಅದು ಅವಳನ್ನು ಚುಚ್ಚಿತು.

ಮುಸುವ, ಕರಡಿಯಣ್ಣ ಹೋದ ಮೇಲೂ ಅವಳು ಹೋಗಲಿಲ್ಲ. ಆನೆಯಜ್ಜಿಯ ಕಾಲಿನ ಹತ್ತಿರ ನಿಂತಳು.

"ಅಜ್ಜೀ, ನನ್ನ ಮರಿ ಕೂಗಿಗೆ ಓಡುವುದಿಲ್ಲ" ಎಂದಳು.

"ಏನೆಂದೆ?"

"ಓಡುವುದಿಲ್ಲ. ನಿಂತುಬಿಡುತ್ತದೆ. ಮೈಮೇಲೆ ಮಾಂಸವಿಲ್ಲ. ಧೂಳಿನಲ್ಲಿ ಮುಂಗುಸಿಯ ಹೆಜ್ಜೆಯೂ ಇಲ್ಲ. ನಾವು ಹೋಗುವುದು ಮೇಷ್ಟ್ರಿಗೆ ಮೇಲಿನಿಂದ ಕಾಣುತ್ತದೆ. ಕಾಣದ ಹಾಗೆ ಒಮ್ಮೆ ಹೋಗೋಣ. ಬಿದಿರು ಮೆಳೆಯ ಹಿಂದಿನಿಂದ, ಎದುರುಗಾಳಿಯಲ್ಲಿ."

ಆನೆಯಜ್ಜಿ ಕಿವಿ ಬೀಸುತ್ತಾ ಹೇಳಿದಳು: "ಮೊರದಗಲ ಕಿವಿ ನನಗೆ. ನಿನ್ನ ಮಾತು ಕೇಳಿಸಲು ಇಷ್ಟು ತಡವಾಯಿತಲ್ಲ ಮಗಳೇ. ನಡಿ."

ಕರಡಿಯಣ್ಣನನ್ನೂ ಕರೆದುಕೊಂಡು ಮೂವರೂ ಬಿದಿರು ಮೆಳೆಯ ಹಿಂದೆ ಬಂದು ನಿಂತರು. ಒಣಗಿದ ಎಲೆಯನ್ನೂ ತುಳಿಯಲಿಲ್ಲ. ಮರಿಮನೆ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಪಾಠವೂ ಇರಲಿಲ್ಲ, ಆಟವೂ ಇರಲಿಲ್ಲ. ಮರಿಗಳು ಬೇರುಗಳ ಸಂದಿಯಲ್ಲಿ ಸೊರಗಿ ಬಿದ್ದಿದ್ದವು. ಮುಸುವ ಮೇಲೆ ಕೊಂಬೆಯಲ್ಲಿ ಕೂತು ನೇರಳೆಹಣ್ಣು ತಿನ್ನುತ್ತಿದ್ದ. ಬೀಜಗಳು ಒಂದೊಂದಾಗಿ ಮರಿಗಳ ಮೇಲೆ ಬೀಳುತ್ತಿದ್ದವು.

ಇದ್ದಕ್ಕಿದ್ದಂತೆ ಮುಸುವ ಎದ್ದು ನಿಂತ. "ಖಕ್! ಖಕ್! ಖಕ್!"

"ಅಯ್ಯೋ, ನಮ್ಮನ್ನು ನೋಡಿಬಿಟ್ಟ" ಎಂದು ಕರಡಿಯಣ್ಣ ಪಿಸುಗುಟ್ಟಿದ.

ತುಂಬೆ ಮುಸುವನನ್ನೇ ನೋಡುತ್ತಿದ್ದಳು. ಅವನು ಬಿದಿರಿನ ಕಡೆ ನೋಡುತ್ತಿರಲಿಲ್ಲ. ಅವನ ಕಣ್ಣು ಹಳ್ಳದ ದಿಕ್ಕಿಗೆ ನೆಟ್ಟಿತ್ತು.

ಒಣಗಿದ ಹುಲ್ಲು ಸರಿಯಿತು. ಚಿರತೆ ಹೊರಗೆ ಬಂತು.

ಮರಿಗಳು ಕೂಗು ಕೇಳಿದ್ದವು. ಬೇರಿನ ಸಂದಿಯಿಂದ ಎದ್ದು ಓಡಿ ಬಂದವು. ಬಯಲಿನಲ್ಲಿ ಸಾಲಾಗಿ ನಿಂತವು, ಕಾಲು ಜೋಡಿಸಿದವು, ತಲೆ ತಗ್ಗಿಸಿದವು.

"ಹೊಟ್ಟೆ ತುಂಬಾ ಸಿಗುತ್ತದೆ, ಅಜ್ಜೀ!" ಎಂದು ಚಿರತೆಗೆ ಹೇಳಿದವು.

ಚಿರತೆಯೇ ಒಂದು ಗಳಿಗೆ ಬೆರಗಾಗಿ ನಿಂತಿತು. ಇಂಥ ಬೇಟೆಯನ್ನು ಅದು ಎಂದೂ ಕಂಡಿರಲಿಲ್ಲ.

"ಓಡ್ರೋ! ಓಡಿ! ಇದು ಆ ಕೂಗಲ್ಲ, ನಿಜವಾದ ಕೂಗು!" ಎಂದು ಮುಸುವ ಮೇಲಿನಿಂದ ಕಿರುಚಿದ. "ಖಕ್! ಖಕ್!" ಅವನು ಕೂಗಿದಷ್ಟೂ ಮರಿಗಳು ಇನ್ನೂ ನೆಟ್ಟಗೆ ನಿಂತವು. ಬೇಗ ನಿಂತವರಿಗೆ ಒಂದು ಹಣ್ಣು ಎಂದು ಕಲಿಸಿದ್ದವನು ಅವನೇ.

ತುಂಬೆ ಯಾರನ್ನೂ ಕೇಳಲಿಲ್ಲ. ಮೆಳೆ ದಾಟಿ ಬಯಲಿಗೆ ಹಾರಿದಳು. ಮುಂಗಾಲನ್ನು ಎತ್ತಿ ನೆಲಕ್ಕೆ ಬಡಿದಳು. ಧಪ್. ಧಪ್. ಬಿಕ್ಕೆ ಹುಟ್ಟಿದ ಮೊದಲ ದಿನಗಳಲ್ಲಿ, ಮರಿಮನೆ ಇನ್ನೂ ಇಲ್ಲದಾಗ, ಅವಳು ಹೀಗೆ ನೆಲ ಬಡಿದೇ ಅದಕ್ಕೆ ಓಟ ಕಲಿಸಿದ್ದಳು.

"ಬಿಕ್ಕೇ! ಓಡು!" ಕಾಡೆಲ್ಲ ಕೇಳುವ ಹಾಗೆ ಅವಳು ಕೂಗಿದಳು.

ಮರಿಯ ಕಿವಿ ಅಲುಗಿತು. ಗೊರಸಿನಿಂದ ಬಂದ ಆ ನಡುಕ ಅದರ ಕಾಲಿಗೆ ನೆನಪಿತ್ತು. ಬಿಕ್ಕೆ ನೆಗೆಯಿತು. ಅದನ್ನು ನೋಡಿ ಪಕ್ಕದ ಮರಿ ನೆಗೆಯಿತು, ಅದನ್ನು ನೋಡಿ ಮತ್ತೊಂದು. ಸಾಲು ಒಡೆದು ಮರಿಗಳು ಚೆಲ್ಲಾಪಿಲ್ಲಿಯಾದವು.

ಒಂದು ಮಾತ್ರ ಉಳಿಯಿತು. ಮುಸುವನ ಮಗ. ಓಡುವ ಕಾಲು ಅವನದಲ್ಲ. ಅಪ್ಪನ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿದ್ದವನೂ ಅವನೇ. ತಲೆ ತಗ್ಗಿಸಿ ನಿಂತೇ ಇದ್ದ.

ಚಿರತೆ ಹಾರಿತು. ಮುಸುವ ಕೊಂಬೆಯಿಂದ ಹಾಗೇ ಕೆಳಗೆ ಧುಮುಕಿದ. ಮಗನನ್ನು ಎದೆಗೆ ಅವಚಿಕೊಂಡು ಕಾಂಡಕ್ಕೆ ನೆಗೆದ. ಚಿರತೆಯ ಪಂಜಕ್ಕೆ ಅವನ ಉದ್ದ ಬಾಲ ಸಿಕ್ಕಿತು. ಅಷ್ಟರಲ್ಲಿ ಆನೆಯಜ್ಜಿ ಸೊಂಡಿಲೆತ್ತಿ ಘೀಳಿಡುತ್ತಾ ನುಗ್ಗಿದಳು. ಕರಡಿಯಣ್ಣ ಎರಡು ಕಾಲ ಮೇಲೆ ಎದ್ದು ಗರ್ಜಿಸಿದ. ಚಿರತೆ ಹುಲ್ಲಿನಲ್ಲಿ ಮಾಯವಾಯಿತು. ಮುಸುವನ ಬಾಲ ಕಿತ್ತು ಅದರ ಬಾಯಲ್ಲೇ ಹೋಯಿತು.

ಕರಡಿಯಣ್ಣ ಮೂಗರಳಿಸಿ ಮರದ ಪೊಟರೆಗೆ ಕೈ ಹಾಕಿದ. ಅದರೊಳಗೆ ಮರಿಗಳ ಪಾಲು ತುಂಬಿತ್ತು. ತಿಂದು ಮಿಕ್ಕದ್ದು ಕೊಳೆಯುತ್ತಿತ್ತು. ತಾನು ತಂದಿಟ್ಟ ಜೇನು ಕೈಗೆ ಅಂಟಿತು. ಎಂದೂ ಜೇನು ಬಿಡದ ಕರಡಿ ಆ ಕೈಯನ್ನು ನೆಕ್ಕಲಿಲ್ಲ. ಮಣ್ಣಿಗೆ ಒರೆಸಿಕೊಂಡ.

"ಮುಂಗುಸಿಯನ್ನು, ಕೋಳಿಯನ್ನು ನಾನೇ ವಾಪಸ್ಸು ಕಳಿಸಿದೆ" ಎಂದ ಮುಸುವ. ಮಗನನ್ನು ಇನ್ನೂ ಎದೆಗೆ ಅವಚಿಕೊಂಡೇ ಇದ್ದ. "ಮರಿಗಳು ಸಾಲಾಗಿ ನಿಂತರೆ ನಿಮಗೆ ಸಾಕಿತ್ತು ಅಜ್ಜೀ. ಅದಕ್ಕೆ ಅಷ್ಟನ್ನೇ ಕಲಿಸಿದೆ."

ಆನೆಯಜ್ಜಿ ಕಣ್ಣು ಮುಚ್ಚಿಕೊಂಡಳು. "ಹೌದು. ನಮಗೆ ಅಷ್ಟೇ ಸಾಕಾಗಿತ್ತು" ಎಂದಳು. "ನಿನ್ನ ತಪ್ಪು ನಿನಗೆ. ಅದರ ಪಕ್ಕದಲ್ಲಿ ನಮ್ಮದೂ ಒಂದಿದೆ."

ಮುಸುವನನ್ನು ಮರಿಮನೆಯಿಂದ ತೆಗೆದರು. ಬಾಲವಿಲ್ಲದ ಮುಸುವ ಕೊಂಬೆಯಿಂದ ಕೊಂಬೆಗೆ ಹಾರಲಾರ, ಮರದ ತುದಿಗೆ ಏರಲಾರ. ಕಾವಲು ಕೂರುವ ಎತ್ತರವೂ ಅವನಿಗೆ ಉಳಿಯಲಿಲ್ಲ. ಮುಂಗುಸಿ ಬಂತು, ಕೋಳಿ ಬಂತು. ಆದರೂ ಎಷ್ಟೋ ಕಾಲ, ಕಾಡಿನಲ್ಲಿ ನಿಜವಾದ ಕೂಗು ಕೇಳಿದಾಗಲೆಲ್ಲ ಒಂದೆರಡು ಮರಿಗಳು ಓಡುವ ಮೊದಲು ಕಾಲು ಜೋಡಿಸಿ ನಿಲ್ಲುತ್ತಿದ್ದವು. ತಾಯಂದಿರು ನೆಲ ಬಡಿದು ಬಡಿದು ಅದನ್ನು ಬಿಡಿಸಬೇಕಾಯಿತು.

ಸಮಿತಿಯಲ್ಲಿ ಮಾತ್ರ ಒಂದು ಹೊಸ ಪದ್ಧತಿ ಬಂತು. ತುಂಬೆ ತನ್ನ ಪ್ರಶ್ನೆ ಕೇಳಿ ಮುಗಿಸುವವರೆಗೆ ಬೇರೆ ಯಾರೂ ಮಾತಾಡುವ ಹಾಗಿಲ್ಲ. ಅವಳ ದನಿ ಮೊದಲಿನಷ್ಟೇ ಸಣ್ಣದಾಗಿತ್ತು. ಕರಡಿಯಣ್ಣ ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದ.

ಚಿರತೆ ಬಂದ ದಿನದ ಸಂಜೆ ತುಂಬೆ ಬಿಕ್ಕೆಯ ಮೈ ನೆಕ್ಕುತ್ತಾ ಮತ್ತೆ ಅದನ್ನೇ ಕೇಳಿದ್ದಳು. "ಹೊಟ್ಟೆ ತುಂಬಿದೆಯೇನೋ ಮರಿ?"

ಬಿಕ್ಕೆಯ ಕಾಲುಗಳು ಜೋಡಿಯಾಗಲು ಹೋದವು. ಅರ್ಧಕ್ಕೆ ನಿಂತವು. ಅದು ತಾಯಿಯ ಮುಖವನ್ನು ನೋಡಿತು.

"ಇಲ್ಲ ಅಮ್ಮಾ. ತುಂಬಾ ಹಸಿವಾಗ್ತಿದೆ" ಎಂದಿತು.

ನೀತಿ: ಮಕ್ಕಳು ಒಪ್ಪಿಸುವ ಪಾಠ ಕೇಳಿ ತಲೆದೂಗಬೇಡಿ, ಅವರ ಹೊಟ್ಟೆ ತುಂಬಿದೆಯೇ, ಕಾಲು ಕಲಿತಿದೆಯೇ ಎಂದು ನೋಡಿ. ಕಾಯುವ ಕೂಗನ್ನು ತೋರಿಕೆಗೆ ಬಳಸಿದವನು ತನ್ನ ಮಗುವನ್ನೂ ಕಾಯಲಾರ.