ಜೋಲನಿಗೆ ಒಲಿದ ಆಟ

ಒಂದು ಕಾಡಿನಲ್ಲಿ ಮಾಳವ್ವ ಎಂಬ ಮುಸುವ ಇದ್ದಳು. ಕಪ್ಪು ಮೋರೆ, ಉದ್ದ ಬಾಲ, ನೆಟ್ಟಗಿನ ನಡೆ. ಕೊಂಬೆಯಿಂದ ಕೊಂಬೆಗೆ ಹಾರುವುದರಲ್ಲಿ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ. ಹಾಗೆಂದು ದಿನವೂ ಹೇಳುತ್ತಿದ್ದವಳು ಅವಳೇ. ಆದರೆ ಮಾತು ಸುಳ್ಳಲ್ಲ.

ಈ ಮಾಳವ್ವ ಒಂದು ನಾಯಿ ಸಾಕಿದ್ದಳು. ಊರಿನಿಂದ ದಾರಿ ತಪ್ಪಿ ಬಂದ ಮರಿ ಅದು, ಪೊದೆಯೊಳಗೆ ಕುಂಯ್‌ಗುಟ್ಟುತ್ತಿತ್ತು. "ಅಯ್ಯೋ ನನ್ನ ಕಂದ" ಎಂದು ಎತ್ತಿಕೊಂಡವಳು ಆಮೇಲೆ ಬಿಟ್ಟುಕೊಡಲೇ ಇಲ್ಲ. ಕಿವಿ ಜೋಲಾಡುತ್ತಿದ್ದುದರಿಂದ ಜೋಲ ಎಂದು ಹೆಸರಿಟ್ಟಳು. ಜೋಲ ಈಗ ಅವಳಿಗಿಂತ ದೊಡ್ಡವನಾಗಿದ್ದ. ಆದರೂ ಅವಳು ಮಲಗುವ ಮರದ ಬುಡದಲ್ಲೇ ಅವನಿಗೆ ನಿದ್ದೆ ಬರುತ್ತಿತ್ತು.

ಆ ಕಾಡಿನಲ್ಲಿ ಹಿಪ್ಪೆ ಹೂ ಉದುರುವ ಕಾಲಕ್ಕೆ ಆಟದ ಕೂಟ ಸೇರುತ್ತಿತ್ತು. ಎಲ್ಲರೂ ತಮ್ಮ ಮಕ್ಕಳನ್ನು ಕರೆತಂದು, ತಮಗೆ ಬೇಕಾದ ಒಂದು ಆಟ ಆಡಿಸಿ ತೋರಿಸುತ್ತಿದ್ದರು. ಹೊರಗಿನಿಂದ ಬಂದು ಸೇರಿದವರಿಗೆ ಮಾತ್ರ ಅದು ಬರೀ ಆಟವಲ್ಲ. ಗೆದ್ದರೆ ಅವರು ಕಾಡಿನವರು. ಸೋತರೆ ಬಂದ ದಾರಿ ಹಿಡಿದು ಹೊರಡಬೇಕು. "ಈ ಸಲ ನಿನ್ನ ಜೋಲನ ಸರದಿ" ಎಂದು ಕಾಡಿನ ಹಿರಿಯಳಾದ ಆನೆಯಜ್ಜಿ ಹೇಳಿ ಕಳಿಸಿದಳು.

ಮಾಳವ್ವನಿಗೆ ಒಂದಿಷ್ಟೂ ಅಂಜಿಕೆಯಾಗಲಿಲ್ಲ. "ನಾನು ಸಾಕಿದ ಮಗ. ಕೊಂಬೆ ಹಾರೋದು ತಾನಾಗೇ ಬರುತ್ತೆ" ಎಂದಳು. ಜೋಲನನ್ನು ಬಾಗಿದ ಮರವೊಂದರ ಮೇಲೆ ಹತ್ತಿಸಿದಳು. "ನೋಡು, ಹೀಗೆ!" ಎಂದು ತಾನು ಚಂಗನೆ ಹಾರಿ ಆಚೆ ಕೊಂಬೆಯಲ್ಲಿ ಕುಳಿತಳು. ಜೋಲ ಅವ್ವನನ್ನು ನೋಡಿದ. ಕೆಳಗಿನ ನೆಲವನ್ನು ನೋಡಿದ. ಕಣ್ಣು ಮುಚ್ಚಿ ಹಾರಿಯೇಬಿಟ್ಟ. ದೊಪ್ಪನೆ ಬಿದ್ದ.

ಇದನ್ನು ಸೋಗಣ್ಣ ಎಂಬ ನರಿ ಪೊದೆಯ ಮರೆಯಿಂದ ನೋಡುತ್ತಿದ್ದ. ಅವನಿಗೆ ಜೋಲನನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಇಷ್ಟೆ: ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆ ಕದಿಯುವುದು ಸೋಗಣ್ಣನ ಕಸುಬು. ಎದುರು ಸಿಕ್ಕಾಗಲೆಲ್ಲ ಜೋಲ ಮೂಗರಳಿಸಿ, "ಸೋಗಣ್ಣ, ನಿನ್ ಬಾಯಿ ಯಾಕೆ ಮೊಟ್ಟೆ ವಾಸನೆ?" ಎಂದು ಕೇಳುತ್ತಿದ್ದ. ಪಾಪ, ಅವನು ಸುಮ್ಮನೆ ಕೇಳುತ್ತಿದ್ದ. ಆದರೆ ಕಳ್ಳನ ಎದೆ ಸುಮ್ಮನಿರುತ್ತದೆಯೇ? ಈ ನಾಯಿ ತೊಲಗಿದರೆ ಸಾಕು ಎಂದು ನರಿ ಕಾಯುತ್ತಿದ್ದ.

"ಶಭಾಷ್ ಮಾಳವ್ವ!" ಎನ್ನುತ್ತ ಸೋಗಣ್ಣ ಹೊರಬಂದ. "ಕೊಂಬೆ ಹಾರೋ ನಾಯಿ! ಇಡೀ ಕಾಡೇ ಬೆರಗಾಗುತ್ತೆ. ನಿನ್ನ ಹೆಸರು ಉಳೀಬೇಕು ಅಂದ್ರೆ ಇದೇ ಆಟ ಆಡಿಸು."

"ಬೀಳ್ತಾನಲ್ಲಪ್ಪ."

"ತಿಂದು ತಿಂದು ಭಾರ ಆಗಿದಾನೆ. ಹೊಟ್ಟೆ ಖಾಲಿ ಇದ್ರೆ ಮೈ ಹಗುರ. ಬಿದ್ದಾಗ ಗದರಿಸು. ಮುದ್ದು ಮಾಡಿದ್ರೆ ಮಕ್ಕಳು ಕೆಡ್ತಾರೆ."

ಹೊಗಳಿಕೆಗೆ ಮಾಳವ್ವ ಉಬ್ಬಿಹೋದಳು. ಅಂದಿನಿಂದ ಜೋಲನಿಗೆ ಅರೆಹೊಟ್ಟೆ. ಬಿದ್ದರೆ ಬೈಗುಳ. ಹಾರು ಅಂದರೆ ಹಾರುತ್ತಿದ್ದ, ಬೀಳುತ್ತಿದ್ದ, ಮತ್ತೆ ಹತ್ತುತ್ತಿದ್ದ. ಮೊದಮೊದಲು ಬಿದ್ದರೂ ಬಾಲ ಆಡಿಸುತ್ತಿದ್ದವನು ಬರಬರುತ್ತ ಬಾಲ ಮುದುರತೊಡಗಿದ.

ಒಂದು ಬೆಳಿಗ್ಗೆ ಮಾಳವ್ವ ಮರದಿಂದ ಇಳಿದಳು. ಬುಡದಲ್ಲಿ ಜೋಲ ಇರಲಿಲ್ಲ. ಹುಡುಕಿದರೆ ಬಂಡೆಯ ಸಂದಿಯಲ್ಲಿ ಅವಿತು ಕುಳಿತಿದ್ದ. ಅವಳ ಹೆಜ್ಜೆ ಸಪ್ಪಳ ಕೇಳಿ ಇನ್ನಷ್ಟು ಒಳಗೆ ಸರಿದ. ಮಾಳವ್ವ ಅಲ್ಲೇ ನಿಂತುಬಿಟ್ಟಳು. ತನ್ನನ್ನು ಕಂಡು ಓಡೋಡಿ ಬರುತ್ತಿದ್ದ ಮಗ ತನಗೇ ಹೆದರಿ ಅಡಗಿದ್ದಾನೆ! ಅವಳಿಗೆ ಅಳು ಬಂತು. ಸಂದಿಯ ಬಾಯಲ್ಲೇ ಕುಳಿತು, "ಬಾ ಮಗ, ಇವತ್ತಿಂದ ಕೊಂಬೆ ಬೇಡ" ಎಂದಳು.

"ಮತ್ತೆ ಏನು ಆಡೋದು ಅವ್ವ?"

"ನಿನಗೆ ಇಷ್ಟವಾದದ್ದು. ಏನು ಇಷ್ಟ?"

"ಗೊತ್ತಿಲ್ವಲ್ಲ."

"ಹಾಗಾದ್ರೆ ಎಲ್ಲಾನೂ ಆಡಿ ನೋಡೋಣ" ಎಂದಳು ಮಾಳವ್ವ. ಮೊದಲು ಹೊಟ್ಟೆ ತುಂಬ ತಿನ್ನಿಸಿದಳು.

ಹಳ್ಳಕ್ಕೆ ಕರೆದೊಯ್ದು ಈಜಿಸಿದಳು. ಜೋಲ ನೀರು ಕುಡಿದು, ಮೈ ಕೊಡವಿ, ಅವಳನ್ನೂ ತೋಯಿಸಿ ಮೇಲೆ ಬಂದ. ಮೊಲದ ಜೊತೆ ಓಟಕ್ಕೆ ಬಿಟ್ಟಳು. ಅರ್ಧ ದಾರಿಯಲ್ಲಿ ನಿಂತು ಒಂದು ಹುತ್ತ ಮೂಸುತ್ತ ಮೈಮರೆತ. ಟೊಳ್ಳು ಮರದ ದಿಮ್ಮಿಯೊಳಗೆ ನುಸುಳಿಸಿದಳು. ಒಳಗೆ ಹೋದವನು ಅಲ್ಲೇ ನಿದ್ದೆ ಹೊಡೆದ. ಮಾಳವ್ವ ಬೈಯಲಿಲ್ಲ. ಬಿದ್ದು ಬಿದ್ದು ನಕ್ಕಳು. ಅವಳು ನಕ್ಕಿದ್ದು ಕಂಡು ಜೋಲನ ಬಾಲವೂ ಸ್ವಲ್ಪ ಆಡಿತು.

ಕೊನೆಗೆ ಕಣ್ಣಾಮುಚ್ಚಾಲೆ. ಮಾಳವ್ವ ಬಿದಿರ ಮೆಳೆಯ ಹಿಂದೆ ಅಡಗಿದಳು. ಜೋಲ ನೆಲಕ್ಕೆ ಮೂಗಿಟ್ಟು ನೇರವಾಗಿ ಬಂದು ಹಿಡಿದ. ಬಂಡೆಯ ಹಿಂದೆ ಅಡಗಿದಳು, ಹಿಡಿದ. ತಾನು ಕಚ್ಚಿದ ಹಣ್ಣೊಂದನ್ನು ತರಗೆಲೆಯಡಿ ಹೂತಳು, ಅದನ್ನೂ ಕೆದರಿ ತಂದ. ಅವನ ಬಾಲ ಈಗ ನಿಲ್ಲುವುದೇ ಇಲ್ಲ. "ಇನ್ನೊಂದ್ಸಲ ಅವ್ವ, ಇನ್ನೊಂದ್ಸಲ!" ಮಾಳವ್ವ ಬೆರಗಾಗಿ ನೋಡಿದಳು. ಇಂಥ ಮೂಗಿರುವವನನ್ನು ನಾನು ಮರ ಹತ್ತಿಸಿದೆನಲ್ಲ ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು.

ಹಿಪ್ಪೆ ಹೂ ಉದುರಿತು. ಕೂಟ ಸೇರಿತು. "ನನ್ನ ಮಗ ಹುಡುಕೋ ಆಟ ಆಡ್ತಾನೆ" ಎಂದಳು ಮಾಳವ್ವ, ಎಲ್ಲರಿಗೂ ಕೇಳುವ ಹಾಗೆ. ಸೋತರೆ ಏನಾಗುತ್ತದೆಂದು ಮಾತ್ರ ಅವಳು ಜೋಲನಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಹೆಣ್ಣು ನವಿಲು ಅಳುತ್ತ ಬಂತು. "ಅಜ್ಜಿ, ಬೆಳಿಗ್ಗೆ ಮೇಯೋಕೆ ಹೋಗಿ ಬರೋದ್ರೊಳಗೆ ನನ್ನ ಮೊಟ್ಟೆ ಮಾಯ!" ಆನೆಯಜ್ಜಿ ಸಮಾಧಾನ ಹೇಳಿದಳು. "ಆಟ ಮುಗೀಲಿ ತಾಯಿ, ಎಲ್ಲರೂ ಸೇರಿ ಹುಡುಕೋಣ. ಈಗ ನಿನ್ನ ಒಂದು ಗರಿ ಕೊಡು. ಅದನ್ನೇ ಬಚ್ಚಿಡೋಣ."

"ನಾನು ಬಚ್ಚಿಡ್ತೀನಿ!" ಎಂದು ಸೋಗಣ್ಣ ಮುಂದೆ ಹಾರಿ ಬಂದ. ಆನೆಯಜ್ಜಿ ಒಪ್ಪಿದಳು. ಜೋಲ ಗರಿಯನ್ನು ಮೂಸಿ ನೋಡಿದ ಮೇಲೆ ನರಿ ಅದನ್ನು ಕಚ್ಚಿಕೊಂಡು ಹೋದ. ಆದರೆ ಬಚ್ಚಿಡಲಿಲ್ಲ. ಹರಿಯುವ ಹಳ್ಳಕ್ಕೆ ಬಿಸಾಡಿದ. ಗರಿ ತೇಲಿ ಹೋಯಿತು. ಇಲ್ಲದ ಗರಿಯನ್ನು ಯಾವ ಮೂಗು ಹುಡುಕೀತು ಎಂದು ಮೀಸೆಯಡಿ ನಗುತ್ತ ಬಂದು ಕುಳಿತ.

ಜೋಲ ಹೊರಟ. ಎಲ್ಲರೂ ಅವನ ಹಿಂದೆ ನಡೆದರು. ನೆಲ ಮೂಸುತ್ತ ಹಳ್ಳದ ದಂಡೆಗೆ ಬಂದು ನಿಂತ. ಆಚೆ ನೋಡಿದ, ಈಚೆ ನೋಡಿದ. ವಾಸನೆ ನೀರಿನಲ್ಲಿ ಕರಗಿಹೋಗಿತ್ತು. ಜೋಲ ತಲೆಯೆತ್ತಿ ಗಾಳಿ ಮೂಸಿದ. ಸಟ್ಟನೆ ಹಳ್ಳಕ್ಕೆ ಬೆನ್ನು ಮಾಡಿ, ಮುಳ್ಳುಪೊದೆಗಳ ಕಡೆಗೆ ತಿರುಗಿದ.

ಸೋಗಣ್ಣನ ನಗು ಆರಿಹೋಯಿತು. ಆ ಕಡೆಗೇ ಇತ್ತು ಅವನ ಗುಹೆ. "ದಾರಿ ತಪ್ಪಿದಾನೆ ಮಾಳವ್ವ!" ಎಂದು ಕೂಗಿದ. "ಆ ಕಡೆ ನಾನು ಹೋಗೇ ಇಲ್ಲ. ಬೇಗ ವಾಪಸ್ ಕರಿ! ಇಲ್ಲಾಂದ್ರೆ ಸೋಲ್ತಾನೆ!"

ಮಾಳವ್ವ ಕರೆಯಲು ಬಾಯಿ ತೆರೆದಳು. ಮಗ ಕೈತಪ್ಪಿ ಹೋಗುವ ಹೊತ್ತಿದು, ಹೇಗೆ ಸುಮ್ಮನಿರುವುದು? ಅಷ್ಟರಲ್ಲಿ ಜೋಲನ ಬಾಲ ಕಣ್ಣಿಗೆ ಬಿತ್ತು. ಅದು ನೆಟ್ಟಗೆ ನಿಂತು ಪಟಪಟನೆ ಆಡುತ್ತಿತ್ತು. "ಇಲ್ಲ. ನನ್ನ ಮಗನ ಮೂಗು ನನಗೆ ಗೊತ್ತು. ಅವನು ಹೋದ ಕಡೆಗೇ ನಾನೂ ಹೋಗ್ತೀನಿ" ಎಂದು ಅವಳು ಹೆಜ್ಜೆ ಹಾಕಿದಳು.

ಜೋಲ ಗುಹೆಯೊಳಗೆ ನುಗ್ಗಿದ. ತರಗೆಲೆ ಕೆದರಿದ. "ಸಿಕ್ತು ಅವ್ವ!" ಎಂದು ಬೊಗಳಿದ. ಒಣ ಎಲೆಗಳ ನಡುವೆ ನವಿಲಿನ ಮೊಟ್ಟೆಗಳು ಒಂದೂ ಒಡೆಯದೆ ಕುಳಿತಿದ್ದವು. ನವಿಲು ಓಡಿಬಂದು ರೆಕ್ಕೆಯಿಂದ ಮುಚ್ಚಿಕೊಂಡಿತು.

ಆನೆಯಜ್ಜಿ ನರಿಯ ಕಡೆ ತಿರುಗಿದಳು. "ಗರಿ ಎಲ್ಲಿ ಇಟ್ಟೆ?"

ಸೋಗಣ್ಣ ತೊದಲಿದ. "ಹ... ಹಳ್ಳಕ್ಕೆ ಹಾಕಿದೆ."

"ಗರಿಗೂ ಮೊಟ್ಟೆಗೂ ಒಂದೇ ನವಿಲಿನ ವಾಸನೆ. ನ್ಯಾಯವಾಗಿ ಬಚ್ಚಿಟ್ಟಿದ್ರೆ ಇವನು ಗರಿ ಹುಡುಕಿ ಅಲ್ಲೇ ನಿಲ್ತಿದ್ದ. ನಿನ್ನ ಗುಹೆಗೆ ದಾರಿ ತೋರಿಸಿದ್ದು ನಿನ್ನದೇ ಮೋಸ" ಎಂದಳು ಆನೆಯಜ್ಜಿ. "ಈ ಕಾಡಲ್ಲಿ ನಿನಗೆ ಇನ್ನು ಜಾಗ ಇಲ್ಲ. ನಡಿ!"

ಸೋಗಣ್ಣ ಪೆಚ್ಚುಮೋರೆ ಹಾಕಿಕೊಂಡು ಕಾಡು ಬಿಟ್ಟು ಹೋದ. ಆನೆಯಜ್ಜಿ ಸೊಂಡಿಲಿನಿಂದ ಜೋಲನ ತಲೆ ಸವರಿ, "ಇವನು ನಮ್ಮ ಕಾಡಿನವನು" ಎಂದಳು. ಮಾಳವ್ವ ಮಗನ ಕೊರಳು ತಬ್ಬಿಕೊಂಡು ಗಳಗಳನೆ ಅತ್ತಳು.

ಜೋಲನಿಗೆ ಏನೂ ಅರ್ಥವಾಗಲಿಲ್ಲ. ಅವಳ ಕೆನ್ನೆ ನೆಕ್ಕಿ ಕೇಳಿದ: "ಯಾಕೆ ಅಳ್ತೀಯ ಅವ್ವ? ಆಟ ಮುಗೀತಾ? ಇನ್ನೊಂದ್ಸಲ ಆಡೋಣ ಬಾ!"

ನೀತಿ: ನಾವು ಬಲ್ಲ ಆಟವನ್ನು ನಮ್ಮವರ ಮೇಲೆ ಹೇರಬಾರದು, ಅವರಿಗೆ ಒಲಿದದ್ದನ್ನು ಕಂಡುಕೊಂಡು, ಅವರನ್ನು ನಂಬಿ ಜೊತೆಗೆ ನಡೆಯಬೇಕು. ಮೋಸದಿಂದ ಇನ್ನೊಬ್ಬರನ್ನು ಸೋಲಿಸಹೊರಟವನು ತಾನೇ ಸಿಕ್ಕಿಬೀಳುತ್ತಾನೆ.