ಏಳೆನವ್ವನ ಬಂಡೆ

ಮೇಲುಪೇಟೆಯಲ್ಲಿ ಬಸ್ಸಿಳಿದು, ಟೀ ಅಂಗಡಿಗಳ ಸಾಲು ದಾಟಿ, ದೊಡ್ಡಮಂಡೆ ಬೆಟ್ಟಕ್ಕೆ ಮುಖ ಮಾಡಿ ನಡೆದರೆ ಊರು ಮುಗಿಯುವ ಜಾಗದಲ್ಲಿ ಎಡಕ್ಕೆ ಒಂದು ಬಂಡೆ ಸಿಗುತ್ತದೆ. ಎತ್ತರವೇನಿಲ್ಲ, ಸೆರಗು ಸಿಕ್ಕಿಸಿಕೊಂಡರೆ ನನ್ನಂಥ ಮುದುಕಿಯೂ ಹತ್ತಿ ಕೂರಬಹುದು. ನಾಳೆ ಬೆಟ್ಟ ಹತ್ತುವುದಕ್ಕೆ ಇವತ್ತೇ ಬಂದು ಲಾಡ್ಜಿನಲ್ಲಿ ಉಳಿಯುವ ಗೆಳೆಯರ ಗುಂಪುಗಳು ಸಂಜೆಯಾದರೆ ಅಲ್ಲಿಗೆ ಬರುತ್ತವೆ. ಕಡ್ಲೆಪುರಿ ತಿನ್ನುತ್ತಾ, ಒಬ್ಬರ ಕಾಲು ಒಬ್ಬರು ಎಳೆಯುತ್ತಾ, ಬಂಡೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಲಿ, ಬೇಡವೆನ್ನುವುದಕ್ಕೆ ನಾನ್ಯಾರು? ಆದರೆ ಹೋದ ವರ್ಷ ಯಾವನೋ ಪುಣ್ಯಾತ್ಮ ಅದರ ಮೇಲೆ ‘ಸನ್‌ಸೆಟ್ ಪಾಯಿಂಟ್’ ಎಂದು ಹಳದಿ ಬಣ್ಣದಲ್ಲಿ ಬರೆದು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು. ಸೀಮೆಎಣ್ಣೆ, ಹಳೇ ಬಟ್ಟೆ ತೆಗೆದುಕೊಂಡು ಹೋಗಿ ಉಜ್ಜಿ ಉಜ್ಜಿ ಅಳಿಸಿ ಬಂದೆ. ಹೆಸರಿಲ್ಲದ ಕಲ್ಲಿಗೆ ಬೇಕಾದರೆ ಹೆಸರಿಡಿ, ಯಾರು ಕೇಳುತ್ತಾರೆ. ಇದಕ್ಕೆ ಹೆಸರಿದೆ. ಏಳೆನವ್ವನ ಬಂಡೆ. ಏಳೆನು ಎಂದರೆ ಏಳುವುದಿಲ್ಲ ಎಂದು. ಏಳುವುದಿಲ್ಲ ಎಂದು ಕೂತ ಹೆಂಗಸಿನ ಬಂಡೆ. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಹೇಳಿದ್ದು, ಅವರಿಗೆ ಅವರತ್ತೆ ಹೇಳಿದ್ದು. ಊರಿನ ಗಂಡಸರನ್ನು ಕೇಳಬೇಡಿ, ಅವರು ಎರಡು ಮಾತಿನಲ್ಲಿ ಮುಗಿಸಿ ಬೀಡಿ ಹಚ್ಚುತ್ತಾರೆ.

ಹಿಂದೆ ಒಮ್ಮೆ ಮೇಲುಪೇಟೆಯ ಸುತ್ತ ಮಣ್ಣಿನ ಕೋಟೆಯಿತ್ತು, ಬೆಟ್ಟದ ಕಡೆಗೆ ಒಂದೇ ಬಾಗಿಲಿತ್ತು ಎನ್ನುತ್ತಾರೆ. ದೊಡ್ಡಮಂಡೆ ಆಗ ಈಗಿನ ಹಾಗೆ ಮೆಟ್ಟಿಲು, ಕಂಬಿ ಇದ್ದ ಬೆಟ್ಟವಲ್ಲ. ನಡುವೆ ಬಿದಿರುಹಳ್ಳ, ಆಚೆ ಚಿರತೆ ಕರಡಿಯ ಕಾಡು. ಹತ್ತಲು ಹೋದವರಲ್ಲಿ ಎಲ್ಲರೂ ಇಳಿದು ಬರುತ್ತಿರಲಿಲ್ಲ. ಪರವೂರಿನವರು ಸತ್ತರೆ ಅವರಿಗೆ ತಿಥಿ ಮಾಡುವವರು ಯಾರು? ಅದಕ್ಕೇ ಊರಿನವರು ಒಂದು ಕಟ್ಟಳೆ ಮಾಡಿದ್ದರು. ಬೆಟ್ಟಕ್ಕೆ ಹೋಗುವ ಪ್ರತಿಯೊಬ್ಬರೂ ಹಿಂದಿನ ದಿನವೇ ಬಂದು ಊರ ಉಗ್ರಾಣದಲ್ಲಿ ಒಂದು ಸೇರು ಅಕ್ಕಿ ಇಡಬೇಕು. ತಿರುಗಿ ಬಂದರೆ ಆ ಅಕ್ಕಿಯನ್ನು ಬೇಯಿಸಿ ಊರವರ ಜೊತೆ ಕೂತು ಉಣ್ಣಬೇಕು. ಅಮಾವಾಸ್ಯೆಯೊಳಗೆ ಬರದೇ ಹೋದರೆ ಅದೇ ಅಕ್ಕಿಯನ್ನು ಕೋಟೆಯ ಹೊರಗಿನ ಬಂಡೆಯ ಮೇಲೆ ಬೇಯಿಸಿ ಕಾಗೆಗೆ ಇಟ್ಟು, ಒಳಗೆ ಬಂದು ಬಾಗಿಲು ಹಾಕುತ್ತಿದ್ದರು. ಕಾಗೆ ಮುಟ್ಟಿತೋ, ಹೋದವರು ಸತ್ತರು. ಆಮೇಲೆ ಅವರು ಕೈಕಾಲು ಸಮೇತ ನಡೆದುಕೊಂಡು ಬಂದರೂ ಅದು ದೆವ್ವವೇ. ಬಾಗಿಲು ತೆಗೆಯುವಂತಿಲ್ಲ, ನೀರು ಕೊಡುವಂತಿಲ್ಲ, ಕಲ್ಲು ಹೊಡೆದು ಅಟ್ಟಬೇಕು. ಕರುಣೆಯಿಂದ ಶುರುವಾದದ್ದು ಕೊನೆಗೆ ಎಲ್ಲಿಗೆ ಬಂದು ನಿಂತಿತು ನೋಡಿ. ಯಾರೂ ಕೆಟ್ಟವರಾಗಿರಲಿಲ್ಲ, ಆದರೂ ಹಾಗಾಗಿತ್ತು.

ಅಂಥ ಊರಿಗೆ ಒಂದು ಮಧ್ಯಾಹ್ನ ನಾಲ್ವರು ಹೆಂಗಸರು ಬಂದಿಳಿದರು. ದುಂಡವ್ವ, ಹೊಂಬಾಳೆ, ಪುಟ್ಟೀರಿ, ಬೆಳ್ಳವ್ವ. ಬಯಲಿನ ಒಂದೇ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದ ಗೆಳತಿಯರು. ಮದುವೆಯಾಗಿ ನಾಲ್ಕು ದಿಕ್ಕಿಗೆ ಚೆದುರಿಹೋಗಿದ್ದರು. ದೊಡ್ಡಮಂಡೆಯ ನೆತ್ತಿಯ ಮೇಲೆ ನಿಂತರೆ ಅವರು ಸೇರಿದ ನಾಲ್ಕು ಊರುಗಳೂ, ಹುಟ್ಟಿದ ಬೀದಿಯೂ ಒಂದೇ ನೋಟಕ್ಕೆ ಕಾಣುತ್ತವೆ ಎಂದು ಯಾವನೋ ಬಳೆಗಾರ ಹೇಳಿದ್ದನಂತೆ. ಅಷ್ಟೇ ಸಾಕಾಯಿತು. ಬಾಗಿಲ ಕಾವಲಿನವನು ‘ಏನವ್ವ, ಹರಕೆಯೇ?’ ಎಂದು ಕೇಳಿದ. ದುಂಡವ್ವ ‘ಹರಕೆಯೂ ಇಲ್ಲ ಗಿರಕೆಯೂ ಇಲ್ಲ ಕಣಪ್ಪ. ನೋಡೋಣ ಅಂತ ಬಂದೆವು’ ಎಂದಳು. ಗಂಡಂದಿರಿಲ್ಲದೆ, ಹರಕೆಯಿಲ್ಲದೆ, ಬರೀ ನೋಡುವುದಕ್ಕೆ ಬೆಟ್ಟ ಹತ್ತುವ ಹೆಂಗಸರು! ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಇವರಿಗೆ ಅದರ ಪರಿವೆಯೇ ಇರಲಿಲ್ಲ. ಪೇಟೆಯೆಲ್ಲ ತಿರುಗಿದರು, ಬಳೆ ಇಟ್ಟುಕೊಂಡರು, ಬೆಲ್ಲ ಹುರಿಗಡಲೆ ಮಡಿಲಿಗೆ ಕಟ್ಟಿಕೊಂಡರು, ಛತ್ರದ ಜಗಲಿಯಲ್ಲಿ ಕೂತು ತಮ್ಮತಮ್ಮ ಅತ್ತೆಯರ ಹಾಗೆ ಮಾತಾಡಿ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಗ್ರಾಣಕ್ಕೆ ಹೋದಾಗ ಎಲ್ಲರೂ ಬೇರೆ ಬೇರೆ ಗಂಟು ಕಟ್ಟಿ ಗುರುತು ಹಾಕುವುದು ವಾಡಿಕೆ. ಇವರು ನಾಲ್ವರ ಅಕ್ಕಿಯನ್ನೂ ಒಂದೇ ಚೀಲಕ್ಕೆ ಸುರಿದು, ಕೈಯಾಡಿಸಿ ಕಲಸಿ, ಕಟ್ಟಿ ಕೊಟ್ಟರು. ಉಗ್ರಾಣದವನು ಗೊಣಗಿದ. ‘ನಮ್ಮದು ಬೇರೆ ಬೇರೆ ಏನೂ ಇಲ್ಲ, ಇಟ್ಟುಕೋ’ ಎಂದಳು ಹೊಂಬಾಳೆ.

ಅಲ್ಲಿಂದ ತಿರುಗುವಾಗ, ಕತ್ತು ಹಿಂದಕ್ಕೆ ತಿರುಗಿಸಿ ಬೆಳ್ಳವ್ವನನ್ನು ರೇಗಿಸುತ್ತಾ ನಡೆಯುತ್ತಿದ್ದ ದುಂಡವ್ವ ಉಗ್ರಾಣದ ಮೆಟ್ಟಿಲಲ್ಲಿ ಜಾರಿದಳು. ಕಾಲು ಉಳುಕಿ ಕುಂಬಳಕಾಯಿಯಷ್ಟು ಊದಿತು. ಮೂವರೂ ‘ನೀನು ಬರದೆ ನಾವು ಹೋಗುವುದಿಲ್ಲ’ ಎಂದು ಹಟ ಹಿಡಿದರು. ದುಂಡವ್ವ ಅವರ ಮೇಲೆ ಹರಿಹಾಯ್ದಳು. ‘ಮತ್ತೆ ಯಾವ ಜನ್ಮಕ್ಕೆ ನಾಲ್ವರನ್ನೂ ಒಟ್ಟಿಗೆ ಮನೆಯಿಂದ ಬಿಡುತ್ತಾರೆ ಕಣ್ರೇ? ಹೋಗಿ ನೋಡಿಕೊಂಡು ಬಂದು ನನಗೆ ಹೇಳಿ. ನೀವು ಬರುವವರೆಗೂ ಇಲ್ಲೇ ಇರುತ್ತೇನೆ’ ಎಂದು ಬೈದು ಕಳಿಸಿದಳು. ಮಾರನೆಯ ಬೆಳಿಗ್ಗೆ ಮೂವರೂ ಬಾಗಿಲು ದಾಟಿ ಹೋದರು. ಅವತ್ತು ಸಂಜೆಗೇ ಬೆಟ್ಟದ ಮೇಲೆ ಮೋಡ ಕವಿದು ಮಳೆ ಹಿಡಿಯಿತು. ಬಿದಿರುಹಳ್ಳ ಕೆಂಪಗೆ ಉಕ್ಕಿ ಹರಿಯಿತು. ದಿನ ಕಳೆದವು, ಚಂದ್ರ ಸವೆಯುತ್ತಾ ಬಂದ, ಬೆಟ್ಟದ ಕಡೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ದುಂಡವ್ವ ದಿನವೂ ಕುಂಟುತ್ತಾ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅವರನ್ನು ಬೈದು ಕಳಿಸಿದವಳು ತಾನೇ ಎಂಬುದು ಅವಳ ಎದೆಯನ್ನು ಕಿತ್ತು ತಿನ್ನುತ್ತಿತ್ತು.

ಅಮಾವಾಸ್ಯೆಯ ದಿನ ಉಗ್ರಾಣದ ಚೀಲವನ್ನು ತಂದು ಬಂಡೆಯ ಮೇಲಿಟ್ಟರು. ಒಲೆ ಹೂಡಿದರು. ಊರ ಯಜಮಾನ ಬಂದು ನಿಂತ. ಸುದ್ದಿ ತಿಳಿದು ಬಂದಿದ್ದ ಹೊಂಬಾಳೆಯ ಗಂಡ ಚೆನ್ನಿಗನೂ ಇದ್ದ. ಹೆಂಡತಿಗಾಗಿ ಅತ್ತು ಕರೆದು ಬಂದವನಲ್ಲ ಅವನು. ಪಕ್ಕದೂರಿನಲ್ಲಿ ಹೊಸ ಹೆಣ್ಣು ನೋಡಿ ಮುಗಿಸಿಯೇ ಬಂದಿದ್ದ, ಕಾಗೆ ಮುಟ್ಟಿದರೆ ಹಾದಿ ಸಲೀಸು ಎಂದು ಕಾದಿದ್ದ ಎನ್ನುತ್ತಾರೆ. ಅಕ್ಕಿ ತೊಳೆಯಲು ಚೀಲ ಬಿಚ್ಚಬೇಕು ಎನ್ನುವಾಗ ದುಂಡವ್ವ ಜನರನ್ನು ಸೀಳಿಕೊಂಡು ಬಂದು, ಬಂಡೆಯ ಮೇಲೆ ತೆವಳಿ ಹತ್ತಿ, ಆ ಚೀಲದ ಮೇಲೆ ಧೊಪ್ಪನೆ ಕೂತುಬಿಟ್ಟಳು. ಯಜಮಾನ ಸಮಾಧಾನದಿಂದಲೇ ಹೇಳಿದ: ‘ಏಳು ತಾಯಿ. ಸತ್ತವರನ್ನು ಉಪವಾಸ ಕೆಡವಬಾರದು.’ ‘ಸತ್ತವರು ಯಾರು? ಈ ಚೀಲದಲ್ಲಿ ನನ್ನದೂ ಒಂದು ಸೇರಿದೆ. ನಾನು ನಿಮ್ಮ ಮುಂದೆ ಗುಂಡುಕಲ್ಲಿನ ಹಾಗೆ ಕೂತಿದ್ದೀನಲ್ಲ ಯಜಮಾನರೆ, ಬದುಕಿದವಳ ಅಕ್ಕಿಯನ್ನು ಕಾಗೆಗೆ ಇಡುತ್ತೀರಾ?’ ಎಂದಳು. ಜನ ತಬ್ಬಿಬ್ಬಾದರು. ಬದುಕಿದವರ ಅಕ್ಕಿಯನ್ನು ತಿಥಿಗೆ ಬೇಯಿಸಿದರೆ ಅವರ ಸಾವು ಊರಿನ ತಲೆಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ‘ಒಂದು ಸೇರು ಅಳೆದು ಅವಳ ಮುಖಕ್ಕೆ ಬಿಸಾಡಿ, ಉಳಿದದ್ದು ಬೇಯಿಸಿ’ ಎಂದ ಚೆನ್ನಿಗ. ದುಂಡವ್ವ ನಕ್ಕಳಂತೆ. ‘ಅಳೆದರೆ ಸೇರು ಸಿಗುತ್ತದೆ ಕಣಯ್ಯ, ನನ್ನ ಅಕ್ಕಿ ಸಿಗುತ್ತದೆಯೇ? ಯಾವ ಕಾಳು ನನ್ನದು, ಯಾವ ಕಾಳು ನಿನ್ನ ಹೆಂಡತಿಯದು, ಆರಿಸಿ ತೋರಿಸು. ಅಲ್ಲಿಯವರೆಗೆ ನಾನು ಏಳೆನು.’

ಕಲಸಿದ ಕಾಳನ್ನು ಆರಿಸುವುದು ಯಾರಿಂದಾದೀತು? ಹೋದವರು ಬರದೆ, ಇಲ್ಲವೇ ಕಾಗೆ ಮುಟ್ಟದೆ ಬಾಗಿಲು ಹಾಕುವಂತಿಲ್ಲ, ಅದೂ ಕಟ್ಟಳೆಯೇ. ಹಾಗಾಗಿ ಬಾಗಿಲು ತೆರೆದೇ ಉಳಿಯಿತು. ಒಂದೆರಡು ಕುರಿಗಳನ್ನು ಚಿರತೆ ಹೊತ್ತೊಯ್ದಿತು. ಊರಿನ ಗಂಡಸರು ರೇಗಿದರು. ಆ ಹೆಂಗಸಿಗೆ ಯಾರೂ ಅನ್ನ ಕೊಡಕೂಡದು, ಹಸಿದರೆ ತಾನೇ ಏಳುತ್ತಾಳೆ ಎಂದು ಯಜಮಾನ ಕಟ್ಟಪ್ಪಣೆ ಮಾಡಿದ. ಕೆಳಗೆ ಚೀಲದ ತುಂಬ ಅಕ್ಕಿ, ಮೇಲೆ ಹಸಿದ ಹೊಟ್ಟೆ. ಆದರೂ ಅವಳು ಒಂದು ಕಾಳು ಬಾಯಿಗೆ ಹಾಕಲಿಲ್ಲ. ಮಳೆ ಬಂದರೆ ಚೀಲದ ಮೇಲೆ ಸೆರಗು ಹರಡಿ ತಾನು ನೆನೆಯುತ್ತಿದ್ದಳು. ನಮ್ಮತ್ತೆ ಇಷ್ಟು ಹೇಳುವಾಗ ಪ್ರತಿ ಸಲವೂ ಕಣ್ಣೊರೆಸಿಕೊಳ್ಳುತ್ತಿದ್ದರು, ಆಮೇಲೆ ತಟ್ಟನೆ ಗಟ್ಟಿ ದನಿಯಲ್ಲಿ ಮುಂದಿನದನ್ನು ಹೇಳುತ್ತಿದ್ದರು. ಕಡೆಗೊಂದು ದಿನ ಚೆನ್ನಿಗ ತಾಳ್ಮೆಗೆಟ್ಟು ಬಂಡೆ ಹತ್ತಿ ಅವಳ ರಟ್ಟೆ ಹಿಡಿದು ಎಳೆಯಲು ಕೈ ಚಾಚಿದ. ಆಗ ಬಾಗಿಲೊಳಗಿಂದ ಯಜಮಾನನ ಹೆಂಡತಿಯೇ ಹೊರಗೆ ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ. ಚೆನ್ನಿಗನನ್ನು ಮೊಣಕೈಯಲ್ಲಿ ಸರಿಸಿ, ಚೀಲದ ಬಾಯಿ ಬಿಚ್ಚಿ ಸುರಿದಳು. ‘ಈಗ ಇದರಲ್ಲಿ ನನ್ನ ಅಕ್ಕಿಯೂ ಇದೆ. ಬೇಯಿಸುವುದಾದರೆ ಬೇಯಿಸಿ. ನನ್ನನ್ನೂ ಕಾಗೆಗೆ ಹಾಕಿದೆವು ಅಂದುಕೊಳ್ಳಿ’ ಎಂದು ಗಂಡನ ಮುಖ ನೋಡಿ ಹೇಳಿದಳು. ಅವಳ ಹಿಂದೆ ಕುಂಬಾರಗೇರಿಯವಳು ಬಂದಳು, ಗಾಣಿಗರ ಸೊಸೆ ಬಂದಳು, ಕಾವಲಿನವನ ತಾಯಿ ಬಂದಳು. ಅಕ್ಕಿ ಇಲ್ಲದವರು ರಾಗಿ ತಂದು ಸುರಿದರು. ಚೀಲ ಸಾಲದೆ ಬಂಡೆಯ ಮೇಲೆಯೇ ರಾಶಿಯಾಯಿತು. ಮೇಲುಪೇಟೆಯ ಹೆಂಗಸರಲ್ಲಿ ಅಕ್ಕಿ ಹಾಕದವರು ಯಾರೂ ಉಳಿಯಲಿಲ್ಲ ಎನ್ನುತ್ತಾರೆ. ಇನ್ನು ಅದನ್ನು ತಿಥಿಗೆ ಬೇಯಿಸುವ ಗಂಡಸು ಯಾವನು? ಅವನ ಮನೆಯಲ್ಲಿ ಮಾರನೆಯ ದಿನ ಒಲೆ ಹತ್ತಬೇಡವೇ? ಯಜಮಾನನ ಹೆಂಡತಿ ಬೇರೆ ಅಕ್ಕಿ ತರಿಸಿ ಅಲ್ಲೇ ಗಂಜಿ ಕಾಯಿಸಿ ದುಂಡವ್ವನಿಗೆ ಕುಡಿಸಿದಳು. ಯಜಮಾನ ನೋಡಿಯೂ ನೋಡದವನಂತೆ ಒಳಗೆ ಹೋದ.

ಮಳೆ ಹೊಳವಾಗಿ ಹಳ್ಳ ಇಳಿದ ಮೇಲೆ, ಒಂದು ದಿನ ಮಂಜು ಕವಿದಿರುವಾಗ, ಬೆಟ್ಟದ ದಾರಿಯಲ್ಲಿ ಎರಡು ಆಕಾರಗಳು ಕಾಣಿಸಿದವು. ಮೈಮೇಲೆ ಚಿಂದಿ, ಕೆದರಿದ ತಲೆ, ಒಂದರ ಹೆಗಲಿಗೆ ಒಂದು ಆತುಕೊಂಡು ಬರುತ್ತಿದ್ದವು. ಕಾವಲಿನವನು ‘ಅಯ್ಯಯ್ಯೋ ದೆವ್ವ!’ ಎಂದು ಕೂಗಿ ಕಲ್ಲೆತ್ತಿದ. ದುಂಡವ್ವ ಕೂತಲ್ಲಿಂದಲೇ ಗಂಟಲು ಹರಿಯುವ ಹಾಗೆ ಕಿರುಚಿದಳು: ‘ಕಲ್ಲು ಕೆಳಗಿಡೋ! ಅವರ ಅಕ್ಕಿ ಇನ್ನೂ ಹಸಿಯಾಗಿದೆ! ಹಸಿಯಾಗಿದೆ ಕಣೋ!’ ಅವನ ಕೈ ನಿಂತಿತು. ಬಂದವರು ಪುಟ್ಟೀರಿ ಮತ್ತು ಬೆಳ್ಳವ್ವ. ಹಳ್ಳದಾಚೆ ಗವಿಯೊಂದರಲ್ಲಿ ಗೆಡ್ಡೆಗೆಣಸು ತಿಂದು ಜೀವ ಹಿಡಿದುಕೊಂಡಿದ್ದರಂತೆ. ಬಾಗಿಲು ಹಾಕಿದ್ದರೆ, ಕಾಗೆ ಮುಟ್ಟಿದ್ದರೆ, ಅಷ್ಟು ದೂರ ಬಂದವರು ಊರ ಮುಂದೆಯೇ ಕಲ್ಲೇಟು ತಿಂದು ಸಾಯುತ್ತಿದ್ದರು. ಹೊಂಬಾಳೆ ಎಲ್ಲಿ ಎಂದು ಕೇಳಿದ್ದಕ್ಕೆ ಇಬ್ಬರೂ ಅಳಲು ಶುರುಮಾಡಿದರು. ದಾರಿ ಹುಡುಕುತ್ತೇನೆಂದು ಅವಳೊಬ್ಬಳೇ ಹಳ್ಳದ ಮೇಲ್ಭಾಗಕ್ಕೆ ಹೋದಳು, ತಿರುಗಿ ಬರಲಿಲ್ಲ ಎಂದರು. ಯಜಮಾನ ನಿಟ್ಟುಸಿರು ಬಿಟ್ಟು ‘ಇನ್ನಾದರೂ ಏಳು ತಾಯಿ’ ಎಂದ. ದುಂಡವ್ವ ಗೆಳತಿಯರನ್ನು ಕೇಳಿದಳು: ‘ಬಿದ್ದದ್ದು ಕಂಡಿರಾ?’ ಇಲ್ಲ ಎಂದರು. ‘ಹೆಣ ಕಂಡಿರಾ?’ ಇಲ್ಲ ಎಂದರು. ‘ಹಾಗಾದರೆ ಅವಳು ಬರುತ್ತಿದ್ದಾಳೆ. ಏಳೆನು’ ಎಂದಳು. ಪುಟ್ಟೀರಿ, ಬೆಳ್ಳವ್ವ ಬಂಡೆ ಹತ್ತಿ ಅವಳ ಎರಡು ಮಗ್ಗುಲಿಗೂ ಕೂತರು. ಚೆನ್ನಿಗ ಅವತ್ತೇ ಊರು ಬಿಟ್ಟ, ಹೆಂಡತಿ ಸತ್ತಳೆಂದು ಹೇಳುವ ಹಕ್ಕು ಅವನಿಗೆ ಸಿಗಲೇ ಇಲ್ಲ. ಮಂಜಿನಲ್ಲಿ ಹೊಂಬಾಳೆಗೆ ದಾರಿ ಕಾಣಬೇಕಲ್ಲ, ಬೆಂಕಿ ಬೇಕು ಎಂದಳು ದುಂಡವ್ವ. ಮಳೆಗೆ ಕಾಡೆಲ್ಲ ನೆಂದು ಒಣಸೌದೆ ಎಲ್ಲಿಯೂ ಇರಲಿಲ್ಲ. ಊರಿನ ಹೆಂಗಸರು ಸೇರಿ ಕೋಟೆಬಾಗಿಲಿನ ಎರಡು ಕದಗಳನ್ನೂ ಕಿತ್ತು, ಸೀಳಿ, ಬಂಡೆಯ ಮಗ್ಗುಲಿಗೆ ಒಟ್ಟಿ ಉರಿ ಹಚ್ಚಿದರು. ಹಾಕದ ಬಾಗಿಲಿಗೆ ಕದ ಯಾಕೆ ಎಂದು ಯಜಮಾನನೇ ಕೊಡಲಿ ತಂದುಕೊಟ್ಟ ಎಂದೂ ಕೆಲವರು ಹೇಳುತ್ತಾರೆ. ಇದ್ದರೂ ಇರಬಹುದು.

ದುಂಡವ್ವ ಅಲ್ಲೇ ಕೂತು ಕಲ್ಲಾದಳು ಎಂದು ಈಗ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಕಲ್ಲಾಗುವುದಕ್ಕೆ ಅವಳಿಗೆ ಪುರುಸೊತ್ತೆಲ್ಲಿತ್ತು? ಕದ ಉರಿದುಹೋದ ಮೇಲೆ ಕಟ್ಟಳೆಯೂ ಹೋಯಿತು, ಆ ಅಕ್ಕಿಯನ್ನು ಕಾಗೆಗಿಡಲು ಮತ್ತೆ ಯಾರೂ ಬರಲಿಲ್ಲ. ಅವಳು ತನ್ನ ಊರಿಗೆ ಹೋಗದೆ ಇಲ್ಲೇ ನಿಂತಳು, ಬೆಟ್ಟಕ್ಕೆ ಬರುವವರಿಗೆ ಅಡಿಗೆ ಮಾಡಿ ಹಾಕಿದಳು, ಹಣ್ಣುಹಣ್ಣು ಮುದುಕಿಯಾಗಿ ಸತ್ತಳು. ಸಾಯುವವರೆಗೂ ಸಂಜೆ ಬಂಡೆಯ ಮೇಲೆ ಕೂರುವುದನ್ನು ಬಿಡಲಿಲ್ಲ. ಅವಳಿಗೆ ಗುಡಿಯಿಲ್ಲ, ಪೂಜೆಯಿಲ್ಲ. ಬಂಡೆಯ ಬೆಟ್ಟದ ಕಡೆಯ ಮಗ್ಗುಲನ್ನು ನೋಡಿ, ಎಷ್ಟು ಮಳೆ ಹೊಯ್ದರೂ ಹೋಗದ ಹೊಗೆಯ ಕಪ್ಪಿದೆ. ಬಂಡೆಯಿಂದ ಊರಿನ ಕಡೆಗೆ ಕೋಟೆಬಾಗಿಲಿನ ಎರಡು ಕಲ್ಲಿನ ಕಂಬಗಳಿವೆ, ಕದದ ತಿರುಗುಣಿ ಕೂರುತ್ತಿದ್ದ ಕುಳಿಗಳಲ್ಲಿ ಗುಬ್ಬಚ್ಚಿ ಗೂಡು ಕಟ್ಟುತ್ತದೆ. ಈಚೆಗೆ ಯಾರೋ ದೊಡ್ಡ ಮನುಷ್ಯರು ಅಲ್ಲಿ ಕಬ್ಬಿಣದ ಗೇಟು ನಿಲ್ಲಿಸಿ, ಸಂಜೆಯಾದರೆ ಬೀಗ ಹಾಕುತ್ತೇವೆ, ತಡವಾಗಿ ಇಳಿದರೆ ಅವರವರ ಹಣೆಬರಹ ಎಂದರು. ನಾವು ಹೆಂಗಸರು ಹೋಗಿ ಗೇಟಿನ ಅಡಿಯಲ್ಲೇ ಚಾಪೆ ಹಾಸಿಕೊಂಡು ಕೂತೆವು. ಏಳಿ ಅಂದರು, ಪೊಲೀಸರನ್ನು ಕರೆಸುತ್ತೇವೆ ಅಂದರು. ಕರೆಸಿ ಅಂದೆವು. ಗೇಟು ಬಂದ ಲಾರಿಯಲ್ಲೇ ತಿರುಗಿ ಹೋಯಿತು. ನೀವೂ ಗೆಳೆಯರ ಜೊತೆ ಬನ್ನಿ, ಪೇಟೆ ತಿರುಗಿ, ನಕ್ಕು, ಬೆಳಿಗ್ಗೆ ಎದ್ದು ಬೆಟ್ಟ ಹತ್ತಿ. ಇಳಿಯುವುದು ಎಷ್ಟು ತಡವಾದರೂ ಈ ದಾರಿ ತೆರೆದಿರುತ್ತದೆ. ಆದರೆ ಊರಿನಲ್ಲಿ ಯಾರ ಬಳಿಯಾದರೂ ಮಾತಿಗೆ ಕೂತಾಗ ಹೊಂಬಾಳೆ ಬರಲೇ ಇಲ್ಲವಲ್ಲ ಎಂದುಬಿಟ್ಟೀರಿ, ಜೋಕೆ. ನಮ್ಮೂರಿನಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಇನ್ನೂ ಬಂದಿಲ್ಲ ಎನ್ನುತ್ತೇವೆ.