ಪದ್ಮಲೆಗೆ ಕಾಡು ಕಲಿಸಿದವನು

ಮಣಿಗಿರಿಯ ಬೀದಿಬೀದಿಯಲ್ಲಿ ಡಂಗುರ ಸಾರಿದರು. "ಮಹಾರಾಜ ಸೋಮವರ್ಮರ ಅಪ್ಪಣೆ ಕೇಳಿರಪ್ಪಾ. ಕಾಡಿನಲ್ಲಿ ಒಬ್ಬಳೇ ಸಿಕ್ಕಿಕೊಂಡರೂ ಜೀವ ಉಳಿಸಿಕೊಳ್ಳುವುದನ್ನು ರಾಜಕುಮಾರಿ ಪದ್ಮಲೆಗೆ ಕಲಿಸಬಲ್ಲವರು ಯಾರಾದರೂ ಅರಮನೆಗೆ ಬರಬಹುದು. ಬಂದವರು ಮಹಾರಾಜರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಉಳಿಯುವುದಿಲ್ಲ."

ಹಿಂದಿನ ಚಳಿಗಾಲದಲ್ಲಿ ಶತ್ರುಗಳು ಕೋಟೆ ಮುರಿದು ನುಗ್ಗಿದಾಗ ಅರಮನೆಯೂ ಊರೂ ಒಟ್ಟಿಗೆ ಹೆಗ್ಗಾಡಿಗೆ ಓಡಿದ್ದವು. ಆ ನೂಕುನುಗ್ಗಲಿನಲ್ಲಿ ಪದ್ಮಲೆಯ ಅಣ್ಣ ಇಂದುಧರ ಕೈತಪ್ಪಿದ. ಹತ್ತು ವರ್ಷದ ಹುಡುಗ. ಸಿಕ್ಕಾಗ ಮೈ ತಣ್ಣಗಾಗಿತ್ತು. ಶತ್ರುಗಳು ದೋಚಿಕೊಂಡು ಹೋದರು, ಊರು ಮತ್ತೆ ಎದ್ದಿತು. ಆದರೆ ಅವರು ಮತ್ತೆ ಬರುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ತಡೆಯುವ ಸೈನ್ಯ ರಾಜನ ಬಳಿ ಇರಲಿಲ್ಲ. ಮತ್ತೆ ಓಡುವುದೊಂದೇ ಉಳಿದದ್ದು.

ತಪ್ಪು ಕಲಿಸುವವನು ಮಗುವನ್ನೇ ಕೊಂದಂತೆ, ಅದಕ್ಕೇ ಕಲಿಸಲು ಬರುವವನು ಮೊದಲು ತನ್ನ ಪ್ರಾಣವನ್ನು ಪಣಕ್ಕಿಡಲಿ ಎಂಬುದು ರಾಜನ ವಾದ. ರಾಣಿಗೆ ಇದು ಸರಿಕಾಣಲಿಲ್ಲ. ಆದರೆ ಮಗನ ಹೆಣವನ್ನು ತಾನೇ ಹೊತ್ತು ತಂದವನಿಗೆ ಎದುರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮೊದಲು ಪರದೇಶದ ವಿದ್ವಾಂಸನೊಬ್ಬ ಬಂದ. ರಾಜ ಕೇಳಿದ: "ಹುಡುಕಿಕೊಂಡು ನಡೆದಷ್ಟೂ ಅದು ದೂರವಾಗುತ್ತದೆ. ಇದ್ದಲ್ಲೇ ಕೂತರೆ ತಾನಾಗಿ ಹುಡುಕಿಕೊಂಡು ಬರುತ್ತದೆ. ಏನದು?"

ವಿದ್ವಾಂಸ ನಿದ್ದೆ ಎಂದ. ಸಂಜೆಯೊಳಗೆ ಅವನ ತಲೆ ಹೋಯಿತು.

ಆಮೇಲೆ ಬಂದವನು ಬೇಟೆಗಾರರ ನಾಯಕ. ಅವನು ಕಾಡಿನವನೇ, ಮೊದಲನೆಯದನ್ನು ಬಿಡಿಸಿದ. ರಾಜ ಎರಡನೆಯದನ್ನು ಮುಂದಿಟ್ಟ: "ಹುಲಿಗಿಂತ ಮೊದಲು ಬರುತ್ತದೆ. ಹಲ್ಲಿಲ್ಲ, ಉಗುರಿಲ್ಲ. ಕತ್ತಿಗೆ ಹೆದರುವುದಿಲ್ಲ, ತರಗೆಲೆಗೆ ಹಿಂಜರಿಯುತ್ತದೆ." ನಾಯಕ ಭಯ ಎಂದ. ಅವನ ಹೆಂಡತಿ ಅರಮನೆಯ ಬಾಗಿಲಲ್ಲಿ ಕಾದಿದ್ದಳು. ಅವಳಿಗೆ ಹೇಳಲು ಹೋದ ಕಾವಲುಗಾರ ಹೇಳಲಾರದೆ ಹಿಂತಿರುಗಿದ.

ಅನಂತರ ಬಹುಕಾಲ ಯಾರೂ ಬರಲಿಲ್ಲ.

ಊರಾಚೆಯ ಕೇರಿಯಲ್ಲಿ ಜಡಿಯನೆಂಬ ತರುಣನಿದ್ದ. ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವವನು. ಅದೇ ಓಟದಲ್ಲಿ ಅವನ ತಂಗಿ ಚಿಕ್ಕಿಯೂ ತಪ್ಪಿಹೋಗಿದ್ದಳು. ಡಂಗುರ ಕೇಳಿದಂದಿನಿಂದ ಅವನಿಗೆ ಕೈಕೆಲಸ ಸಾಗುತ್ತಿರಲಿಲ್ಲ. ಅರಮನೆಗೆ ಹೋಗುತ್ತೇನೆಂದಾಗ ತಾಯಿ ಅವನ ಎರಡೂ ಕೈ ಹಿಡಿದುಕೊಂಡಳು. ಇದ್ದ ಮಗಳು ಹೋದಳು, ಇನ್ನು ನೀನೂ ಹೋದರೆ ನನಗೆ ಯಾರಿದ್ದಾರೆ ಎಂದು ಅತ್ತಳು. ಅವನು ಕೈ ಬಿಡಿಸಿಕೊಂಡು ಹೊರಟ.

ಸಭೆಯಲ್ಲಿ ರಾಜ ಮೊದಲನೆಯ ಒಗಟು ಹೇಳಿದ. ಜಡಿಯ ತಲೆ ಎತ್ತದೆ, "ಬುದ್ಧೀ, ಅದು ಮನೆ" ಎಂದ. "ದಾರಿ ತಪ್ಪಿದ ಮಗು ಮನೆ ಹುಡುಕುತ್ತ ನಡೆದಷ್ಟೂ ಮನೆ ದೂರವಾಗುತ್ತೆ. ಒಂದು ಮರ ಹಿಡಿದು ಕೂತರೆ ಮನೆಯವರೇ ಹುಡುಕಿ ಬರ್ತಾರೆ. ನನ್ನ ತಂಗಿ ಕೂರಲಿಲ್ಲ. ಅವಳ ಹೆಜ್ಜೆ ಹಿಡಿದೇ ಹೋದೆ. ನಾನು ಒಂದು ಗುಡ್ಡ ದಾಟೋದರೊಳಗೆ ಅವಳು ಇನ್ನೊಂದು ದಾಟಿದ್ದಳು."

ರಾಜ ಎರಡನೆಯದನ್ನು ಕೇಳಿದ. ಅವನ ದನಿ ತಗ್ಗಿತ್ತು.

"ಚಳಿ. ಮಕ್ಕಳು ಹುಲಿಗೆ ಹೆದರುತ್ತವೆ, ಚಳಿಗೆ ಹೆದರಬೇಕು ಅಂತ ಅವಕ್ಕೆ ಗೊತ್ತಿರಲ್ಲ. ತರಗೆಲೆ ರಾಶಿ ಮಾಡಿ ಒಳಗೆ ಹುದುಗಿದರೆ ಒಂದು ರಾತ್ರಿ ಕಳೀಬಹುದು. ಚಿಕ್ಕಿ ಸಿಕ್ಕಿದ ಜಾಗದಲ್ಲಿ ಮೊಣಕಾಲೆತ್ತರ ತರಗೆಲೆ ಬಿದ್ದಿತ್ತು, ಬುದ್ಧಿ. ಅವಳು ಅದರ ಮೇಲೇ ಮಲಗಿದ್ದಳು."

ಮೂರನೆಯದನ್ನು ರಾಜ ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ಈಗ ಕೇಳಿದ: "ನನ್ನ ಮಗನಿಗೆ ಎಲ್ಲವನ್ನೂ ಕೊಟ್ಟೆ. ಹುಟ್ಟಿನಿಂದ ಅವನ ಕೆಳಗೇ ಇದ್ದದ್ದೊಂದನ್ನು ಮಾತ್ರ ಪ್ರೀತಿಯಿಂದಲೇ ತಪ್ಪಿಸಿದೆ. ಅದಿಲ್ಲದೆ ಅವನು ಸತ್ತ. ಏನದು?"

ಜಡಿಯನಿಗೆ ಉತ್ತರ ಹೊಳೆಯಿತು. ಆದರೆ ಮಗನ ಸಾವಿಗೆ ನೀನೇ ಕಾರಣ ಎಂದು ತುಂಬಿದ ಸಭೆಯಲ್ಲಿ ರಾಜನಿಗೆ ಹೇಳಬೇಕು. ಸುಳ್ಳು ಹೇಳಿದರೂ ತಲೆ ಹೋಗುತ್ತದೆ, ನಿಜ ಹೇಳಿದರೂ ಹೋದೀತು.

"ನೆಲ, ಬುದ್ಧಿ" ಎಂದ ಕೊನೆಗೆ. "ತಾವು ಅವರನ್ನು ಪಲ್ಲಕ್ಕಿಯಿಂದ ಇಳಿಸಲಿಲ್ಲ. ನಾನು ತಂಗಿಯನ್ನು ಹೆಗಲಿಂದ ಇಳಿಸಲಿಲ್ಲ. ಮುಳ್ಳು ಚುಚ್ಚೀತು ಅಂತ. ಮುಳ್ಳು ಯಾವುದು, ಹಣ್ಣು ಯಾವುದು, ನೀರು ಯಾವ ಕಡೆ ಹರಿಯುತ್ತೆ ಅಂತ ಕಾಲು ಊರದೆ ಯಾವ ಮಗು ಕಲಿತೀತು?"

ರಾಜ ಸಿಂಹಾಸನದಿಂದಿಳಿದು ಮೆಟ್ಟಿಲ ಮೇಲೆ ಕುಸಿದು ಕೂತ. ಸರಿಯಾಗಿ ಹೇಳಿದೆ, ಏನು ಬೇಕೋ ಕೇಳು ಎಂದ. ಅರ್ಧ ರಾಜ್ಯ ಕೊಡಲೂ ಸಿದ್ಧನಿದ್ದ. ಜಡಿಯ ಕೇಳಿದ್ದು ಎರಡು: ಈ ಒಗಟುಗಳಿಗೆ ಇನ್ನೊಂದು ತಲೆ ಬೀಳಬಾರದು, ರಾಜಕುಮಾರಿಯ ಜೊತೆ ಊರಿನ ಎಲ್ಲ ಮಕ್ಕಳೂ ಕಾಡಿಗೆ ಬರಬೇಕು. ರಾಜ ಒಪ್ಪಿದ. ಬೇಟೆಗಾರನ ಹೆಂಡತಿಯ ಮನೆಗೆ ತಾನೇ ಹೋಗಿ ನಿಂತ. ಅವಳು ಬಾಗಿಲು ತೆರೆಯಲಿಲ್ಲ.

ಕಲಿಕೆಯ ಮೊದಲ ದಿನ ಜಡಿಯ ಒಂದೊಂದು ಮಗುವನ್ನು ಒಂದೊಂದು ಮರದ ಬುಡದಲ್ಲಿ ಕೂರಿಸಿ, ನಾವು ಬರುವ ತನಕ ಏಳಬೇಡಿ ಎಂದು ಹೇಳಿ ಕಣ್ಮರೆಯಾದ. ಹಟ ಹಿಡಿದು ಜೊತೆಗೆ ಬಂದಿದ್ದ ರಾಜನನ್ನು ಒಂದು ಪೊದೆಯ ಹಿಂದೆ ಕೂರಿಸಿಕೊಂಡ.

ಸ್ವಲ್ಪ ಹೊತ್ತಿಗೆ ಪದ್ಮಲೆ ಅಳತೊಡಗಿದಳು. ಅಪ್ಪಾಜಿ, ಅಪ್ಪಾಜಿ ಎಂದು ಕೂಗಿದಳು. ರಾಜ ಎದ್ದ. ಜಡಿಯ ಅವನ ಮಣಿಕಟ್ಟು ಹಿಡಿದ. ಬಿಡು ಎಂದು ಅಪ್ಪಣೆ ಮಾಡಬಲ್ಲವನು ಮಾಡಲಾರದೆ ನಿಂತ, ಮತ್ತೆ ಕೂತ. ಅಳು ಏರಿತು, ಬಿಕ್ಕಾಯಿತು. ಆಮೇಲೆ ನಿಂತೇಹೋಯಿತು. ಅದು ಅಳುವಿಗಿಂತ ಭಯಂಕರವಾಗಿತ್ತು. ಇಬ್ಬರೂ ಉಸಿರು ಹಿಡಿದು ಕಿವಿಗೊಟ್ಟರು.

ಆಚೆ ಮರದಡಿಯಲ್ಲಿ ನೇಕಾರರ ಪುಟ್ಟ ಮಗುವೊಂದು ಅಳಲು ಶುರುಮಾಡಿತ್ತು. ಪದ್ಮಲೆ ಅದಕ್ಕೆ ಹೇಳುತ್ತಿದ್ದಳು: "ಏಳಬೇಡ ಕಣೇ. ನಾನಿಲ್ಲೇ ಇದ್ದೀನಿ. ಬರ್ತಾರೆ."